ಪಡ್ಡು ಕಾವಲಿಯಲ್ಲಿ ಕೊರಿಯಾ ಕೇಕು

"ಅಮ್ಮಾ, ನಂಗೆ ಮೀನು ಮಾಡ್ಕೊಡ್ತೀಯಾ?"

ಕಾಲೇಜಿನಿಂದ ಬಂದವಳೇ ಬ್ಯಾಗನ್ನು ಸೋಫಾ ಮೇಲೆ ಎಸೆದು ಮಗಳು ಹೀಗೆ ಕೇಳಿದಾಗ, ದೇವರ ಮನೆಯಲ್ಲಿ ದೀಪ ಹಚ್ಚುತ್ತಿದ್ದ ನಮ್ಮತ್ತೆಯ ಕೈ ಅಲ್ಲೇ ನಿಂತಿತು. ಅವರು ಮೊಟ್ಟೆಯನ್ನೂ ಮುಟ್ಟುವವರಲ್ಲ. ಮೊಮ್ಮಗಳ ಕೇಕಿನ ಹುಚ್ಚಿಗಾಗಿ ಮನೆಯೊಳಗೆ ಮೊಟ್ಟೆ ಬರಲು ಒಪ್ಪಿದ್ದೇ ದೊಡ್ಡ ಮಾತು. ಅದಕ್ಕೂ ಬೇರೆ ಪಾತ್ರೆ, ಬೇರೆ ಚಮಚ. ಇನ್ನು ಮೀನೆಂದರೆ!

"ಅಯ್ಯೋ ಅಜ್ಜಿ, ನಿಜವಾದ ಮೀನಲ್ಲ. ಮೀನಿನ ಆಕಾರದ ಕೇಕು. ಒಳಗೆ ಸಿಹಿ ಇರುತ್ತೆ, ನೋಡಿ" ಎಂದು ಅವಳು ಮೊಬೈಲ್ ಹಿಡಿದಳು. ಯಾವುದೋ ಕೊರಿಯನ್ ಧಾರಾವಾಹಿ. ಹಿಮ ಬೀಳುವ ಬೀದಿಯಲ್ಲಿ ಹುಡುಗ, ಹುಡುಗಿ ನಿಂತು ಕಾಗದದ ಪೊಟ್ಟಣದಿಂದ ಹಬೆಯಾಡುವ ಮೀನನ್ನು ಮುರಿದು ತಿನ್ನುತ್ತಿದ್ದರು. ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿ, "ಒಳಗಿರೋದು ಹೋಳಿಗೆ ಹೂರಣದ ಥರಾನೇ ಇದೆಯಲ್ಲೇ" ಎಂದು ಹೊರಟುಹೋದರು. ಆ ಮಾತನ್ನು ಅಂದೇ ಕಿವಿಗೆ ಹಾಕಿಕೊಂಡಿದ್ದರೆ ನನ್ನ ಒಂದು ಕಿಲೋ ಮೈದಾ ಉಳಿಯುತ್ತಿತ್ತು.

ನಿಮ್ಮ ಮನೆಯಲ್ಲೂ ಇದೇ ಕಥೆಯಾ? ಮಕ್ಕಳು ಕೊರಿಯನ್ ಹಾಡು ಗುನುಗುತ್ತಾ, ಅಲ್ಲಿನ ಖಾರದ ನೂಡಲ್ಸ್ ತರಿಸಿಕೊಂಡು ಕಣ್ಣು ಮೂಗಲ್ಲಿ ನೀರು ಸುರಿಸುತ್ತಾ ತಿನ್ನುತ್ತಿದ್ದಾರಾ? ಹಾಗಾದರೆ ಇಂದಲ್ಲ ನಾಳೆ ಈ ಕೇಕಿನ ಬೇಡಿಕೆಯೂ ಬಂದೇ ಬರುತ್ತದೆ. ಬರಲಿ ಬಿಡಿ. ಇದಕ್ಕೆ ದುಬಾರಿ ಅಚ್ಚೂ ಬೇಡ, ಓವನ್ನೂ ಬೇಡ. ನಾನು ಕೆಡಿಸಿ ಕೆಡಿಸಿ ಕಲಿತದ್ದನ್ನು ನಿಮಗೆ ಹೇಳುತ್ತೇನೆ.

ಬೀದಿಯ ಮೀನು, ಸ್ಟೇಷನ್ನಿನ ಅಕ್ರೋಟು

ಆ ಮೀನಿನ ಹೆಸರು ಬುಂಗೊಪ್ಪಾಂಗ್. ಬುಂಗೊ ಎಂದರೆ ಅಲ್ಲಿನ ಕೆರೆ, ಹೊಳೆಗಳಲ್ಲಿ ಸಿಗುವ ಒಂದು ಜಾತಿಯ ಮೀನು. ಪಾಂಗ್ ಎಂದರೆ ಬ್ರೆಡ್ಡು. ಈ ಪಾಂಗ್ ನಮ್ಮ ಪಾವ್‌ಭಾಜಿಯ ಪಾವ್‌ಗೆ ಅಕ್ಕನೋ ತಂಗಿಯೋ ಆಗಬೇಕು! ಎರಡೂ ಪೋರ್ಚುಗೀಸರ ಮಾತಿನಿಂದ ಬಂದ ಪದಗಳು, ಅವರಿಗೆ ಅದು ಜಪಾನಿನ ಮೂಲಕ ಸಿಕ್ಕಿತು. ತಿಂಡಿಯೂ ಜಪಾನಿನಿಂದಲೇ ಬಂದದ್ದು. ಕೊರಿಯಾ ಜಪಾನೀಯರ ಆಳ್ವಿಕೆಯಲ್ಲಿದ್ದ 1930ರ ದಶಕದಲ್ಲಿ ಅವರ ತಾಯಾಕಿ ಎಂಬ ಮೀನಿನಾಕಾರದ ಸಿಹಿ ಇಲ್ಲಿಗೆ ಬಂದು ಬುಂಗೊಪ್ಪಾಂಗ್ ಆಯಿತು. ಚಳಿಗಾಲದಲ್ಲಿ ಬೀದಿ ಬದಿಯ ಗಾಡಿಗಳಲ್ಲಿ ಮುಚ್ಚಳವಿರುವ ಕಬ್ಬಿಣದ ಅಚ್ಚುಗಳನ್ನು ಮಗುಚುತ್ತಾ ಕಾಯಿಸಿ ಕೊಡುತ್ತಾರೆ. ಮನೆ ಹತ್ತಿರ ಇಂಥ ಗಾಡಿ ಇದ್ದರೆ ಆ ಜಾಗವನ್ನು 'ಬುಂಗ್‌ಸೆಗ್ವೊನ್' ಅನ್ನುತ್ತಾರೆ. ರೈಲು ನಿಲ್ದಾಣಕ್ಕೆ ಹತ್ತಿರದ ಬಡಾವಣೆ ಎನ್ನುವುದಕ್ಕೆ ಮನೆ ಮಾರುವವರು ಬಳಸುವ ಪದವನ್ನು ತಿರುಚಿ ಮಾಡಿದ ತಮಾಷೆಯಿದು. ಮೀನನ್ನು ತಲೆಯಿಂದ ತಿನ್ನಬೇಕೋ ಬಾಲದಿಂದಲೋ ಎಂಬುದು ಅವರಲ್ಲಿ ಮುಗಿಯದ ಜಗಳ.

ಇನ್ನೊಂದು ಮಾತು ನನಗೆ ಬಹಳ ಹಿಡಿಸಿತು. ಮಗು ಅಪ್ಪನನ್ನೋ ಅಮ್ಮನನ್ನೋ ಹಾಗೇ ಹೋಲುತ್ತಿದ್ದರೆ ಕೊರಿಯಾದವರು 'ಬುಂಗೊಪ್ಪಾಂಗ್' ಅನ್ನುತ್ತಾರೆ. ಒಂದೇ ಅಚ್ಚಿನಿಂದ ಎದ್ದು ಬಂದ ಮೀನುಗಳಲ್ಲವೇ! ನಾವು 'ಅಚ್ಚಿಳಿಸಿದ ಹಾಗಿದ್ದಾಳೆ' ಅನ್ನುವುದಿಲ್ಲವೇ, ಹಾಗೆ. ನಮ್ಮನೆ ಮಹಾರಾಯ್ತಿ ಅವಳಜ್ಜಿಯ ಬುಂಗೊಪ್ಪಾಂಗ್. ಮೂಗಿನಲ್ಲೂ, ಹಟದಲ್ಲೂ.

ಆದರೆ ಮನೆಯಲ್ಲಿ ಮಾಡಲು ಸುಲಭವಾದದ್ದು ಮೀನಲ್ಲ, ಅದರ ನೆಂಟ ಹೋದುಗ್ವಾಜಾ. ಹೋದು ಎಂದರೆ ಅಕ್ರೋಟು. ಅಕ್ರೋಟಿನ ಆಕಾರದ ಒಂದೇ ತುತ್ತಿನ ಪುಟ್ಟ ಕೇಕು, ಒಳಗೆ ಹೂರಣದ ಜತೆ ಒಂದು ಚೂರು ಅಕ್ರೋಟು. ಕೊರಿಯಾದ ರಾಜಧಾನಿ ಸೋಲ್‌ನಿಂದ ಹೆಚ್ಚೂ ಕಡಿಮೆ 80 ಕಿಲೋಮೀಟರ್ ದೂರದಲ್ಲಿ ಚೊನಾನ್ ಎಂಬ ಊರಿದೆ, ರೈಲು ಮಾರ್ಗಗಳು ಕೂಡುವ ಜಂಕ್ಷನ್. 1934ರಲ್ಲಿ ಚೋ ಗ್ವಿಗುಮ್, ಶಿಮ್ ಬೊಕ್ಸುನ್ ಎಂಬ ದಂಪತಿ ಅಲ್ಲಿ ಇದನ್ನು ಮಾಡಿ ಮಾರಲು ಶುರುಮಾಡಿದರು. ಊರಿನ ಅಕ್ರೋಟು ಮೊದಲೇ ಹೆಸರುವಾಸಿ. ಅಲ್ಲಿನ ಗ್ವಾಂಗ್‌ಡೊಕ್ಸಾ ಬೌದ್ಧ ಮಂದಿರದಲ್ಲಿ ನೂರಾರು ವರ್ಷ ಹಳೆಯ ಅಕ್ರೋಟು ಮರವೊಂದು ಇವತ್ತಿಗೂ ನಿಂತಿದೆ. ರೈಲು ಪ್ರಯಾಣಿಕರ ಕೈಯಲ್ಲಿ ಈ ತಿಂಡಿ ದೇಶವೆಲ್ಲ ಸುತ್ತಿತು. ಬೆಂಗಳೂರಿನಿಂದ ಅಷ್ಟೇ ದೂರದ ನಮ್ಮ ಮದ್ದೂರಿನ ವಡೆಯ ಕಥೆಯೂ ರೈಲಿನದ್ದೇ ತಾನೇ? ಈಗ ಕೊರಿಯಾದ ಹೆದ್ದಾರಿಗಳಲ್ಲಿ ಬಸ್ಸು, ಕಾರು ನಿಲ್ಲುವ ಕಡೆಯೆಲ್ಲ ಹೋದುಗ್ವಾಜಾ ಸಿಗುತ್ತದೆ.

ಅದರ ಅಚ್ಚಿನ ಚಿತ್ರ ನೋಡಿದಾಗ ನನಗೆ ನಗು ಬಂತು. ಸಾಲು ಸಾಲು ಗುಳಿ. ನಮ್ಮ ಪಡ್ಡು ಕಾವಲಿ!

ಕೆಟ್ಟದ್ದು ಹೀಗೆ

ಹೇಳಿದಷ್ಟು ಸುಲಭವಾಗಿ ಆಗಲಿಲ್ಲ ಬಿಡಿ. ಮೊದಲ ಸಲ ಆನ್‌ಲೈನಿನಲ್ಲಿ ಸಿಹಿ ಕಾಳಿನ ಡಬ್ಬಿ ತರಿಸಿದೆ. ಬೆಲೆ ನೋಡಿ ಎದೆ ಧಸಕ್ಕೆಂದಿತು. ಒಳಗಿದ್ದದ್ದು ಜಾಮಿನಷ್ಟು ತೆಳ್ಳಗೆ. ಹಿಟ್ಟಿನ ಮೇಲೆ ಇಟ್ಟ ತಕ್ಷಣ ತಳಕ್ಕಿಳಿದು ಕಾವಲಿಗೆ ಅಂಟಿಕೊಂಡು ಕರಕಲಾಯಿತು. ಎರಡನೇ ಸಲ ನಾನೇ ಕಾಳು ಬೇಯಿಸಿ ರುಬ್ಬಿದೆ. ಗುಳಿಯೊಳಗೆ ಚುರ್ ಅಂತ ಸದ್ದಾಗಿ ಕೇಕುಗಳ ಹೊಟ್ಟೆ ಬಿರಿದು ಹೂರಣವೆಲ್ಲ ಆಚೆ. ಮೂರನೇ ಸಲ ಬೇಗ ಆಗಲೆಂದು ಉರಿ ಜೋರು ಮಾಡಿದೆ. ಹೊರಗೆ ಜಾಮೂನಿನ ಬಣ್ಣ, ಮುರಿದರೆ ಒಳಗೆ ಹಸಿಹಿಟ್ಟು.

"ಬಿಡಮ್ಮಾ, ಅಂಗಡೀಲಿ ತಿಂತೀನಿ" ಅಂದಳು ಮಗಳು. ಅದು ಸಮಾಧಾನವೋ ಚುಚ್ಚುಮಾತೋ ಗೊತ್ತಾಗಲಿಲ್ಲ.

ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆ ಆಗ ಬಟ್ಟಲನ್ನು ಇತ್ತ ಕೊಡು ಎಂದರು. ಹೂರಣವನ್ನು ಬೆರಳಲ್ಲಿ ಎತ್ತಿ ನೋಡಿದರು. "ಇದು ಹೂರಣವೇನೇ? ತೊವ್ವೆ ಇದು."

ಎರಡು ವರ್ಷದ ಹಿಂದೆ ಅವರ ಮಂಡಿನೋವು ಹೆಚ್ಚಾದ ಮೇಲೆ ನಾನು ಅವರನ್ನು ಒಲೆ ಮುಂದೆ ನಿಲ್ಲಲು ಬಿಟ್ಟಿರಲಿಲ್ಲ. ಒಳ್ಳೆಯದಕ್ಕೇ ಅಂದುಕೊಂಡಿದ್ದೆ. ಆದರೆ ಅಂದು ಅವರ ಮುಖ ನೋಡಿದಾಗ, ನಾನು ಅವರಿಗೆ ವಿಶ್ರಾಂತಿ ಕೊಟ್ಟೆನೋ, ಕೈಯಿಂದ ಸೌಟು ಕಿತ್ತುಕೊಂಡೆನೋ ಎಂಬ ಅನುಮಾನ ಬಂತು. "ಆ ಕರೆಂಟ್ ಒಲೆ ತಂದು ಟೇಬಲ್ ಮೇಲಿಡು" ಅಂದರು. ಇಂಡಕ್ಷನ್ ಒಲೆಯನ್ನು ಊಟದ ಮೇಜಿನ ಮೇಲಿಟ್ಟು, ಬಾಣಲೆ ಕೊಟ್ಟೆ. ಕುರ್ಚಿಯಲ್ಲಿ ಕೂತೇ ಇಪ್ಪತ್ತು ನಿಮಿಷ ಮಗುಚಿದರು. ಇಷ್ಟು ದಿನ ನನಗೆ ಹೊಳೆಯದ ಉಪಾಯ ನೋಡಿ!

ಹೂರಣವೇ ಪ್ರಾಣ

ಕೊರಿಯಾದವರು ಬಳಸುವ ಕೆಂಪು ಕಾಳಿಗೆ ಅವರು ಪಾತ್ ಅನ್ನುತ್ತಾರೆ, ಅಂಗಡಿಗಳಲ್ಲಿ ಅಡ್ಜುಕಿ ಎಂದು ಸಿಗುತ್ತದೆ. ಡಿಸೆಂಬರ್ 21, 22ರ ಹೊತ್ತಿಗೆ, ವರ್ಷದ ಅತಿ ಉದ್ದದ ರಾತ್ರಿಯ ದಿನ, ಇದೇ ಕಾಳಿನ ಗಂಜಿ ಮಾಡಿ ತಿನ್ನುವುದು ಅಲ್ಲಿನ ಪದ್ಧತಿ. ಅದರ ಕೆಂಪು ಬಣ್ಣಕ್ಕೆ ದೆವ್ವ, ಪೀಡೆ ಓಡುತ್ತವೆಂಬ ನಂಬಿಕೆ. ಹೂರಣವಿಲ್ಲದ ಸಿಹಿ ಬ್ರೆಡ್ಡು ಎಂದರೆ ಅವರ ಮಾತಿನಲ್ಲಿ ಮುಖ್ಯವಾದದ್ದೇ ಇಲ್ಲದ ವಸ್ತು ಎಂದು ಅರ್ಥ. ನಾವೂ ಹೂರಣವಿಲ್ಲದ ಹೋಳಿಗೆಗೆ ಹೆಸರೇ ಇಟ್ಟಿಲ್ಲ ನೋಡಿ!

ಅಡ್ಜುಕಿ ದುಬಾರಿ. ನಮ್ಮ ಕೆಂಪು ಅಲಸಂದೆ ಸಾಕು. ಅಡ್ಜುಕಿ, ಅಲಸಂದೆ, ಹೆಸರು, ಉದ್ದು ಎಲ್ಲವೂ ಒಂದೇ ಕುಲದ ಕಾಳುಗಳು, ಹಾಗಾಗಿ ರುಚಿ ಬಹಳ ದೂರ ಹೋಗುವುದಿಲ್ಲ. ರಾಜ್ಮಾ ಬಳಸುವವರೂ ಇದ್ದಾರೆ, ಆದರೆ ಅವರಿಗೊಂದು ಎಚ್ಚರಿಕೆ. ಅರೆಬೆಂದ ರಾಜ್ಮಾ ಹೊಟ್ಟೆ ಕೆಡಿಸುತ್ತದೆ, ವಾಂತಿಯೂ ಆಗುತ್ತದೆ. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಪ್ರೆಷರ್ ಕುಕ್ಕರಿನಲ್ಲೇ ಪೂರ್ತಿ ಬೇಯಿಸಿ. ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸುವ ಸ್ಲೋ ಕುಕ್ಕರ್ ಇದಕ್ಕೆ ಬೇಡವೇ ಬೇಡ.

ಒಂದು ಲೋಟ, ಅಂದರೆ ಸುಮಾರು 200 ಗ್ರಾಂ ಅಲಸಂದೆಯನ್ನು ಆರೇಳು ಗಂಟೆ ನೆನೆಸಿ. ಹೊಸ ನೀರು ಹಾಕಿ ಒಂದು ಕುದಿ ಬರಿಸಿ, ಆ ನೀರನ್ನೂ ಬಸಿಯಿರಿ. ಕೊರಿಯಾದಲ್ಲೂ ಹೀಗೆ ಮೊದಲ ನೀರು ಚೆಲ್ಲುತ್ತಾರೆ, ಕಾಳಿನ ಒಗರು ಹೋಗಲೆಂದು. ಮತ್ತೆ ನೀರು ಹಾಕಿ ಕುಕ್ಕರಿನಲ್ಲಿ ಐದಾರು ಸೀಟಿ. ಎರಡು ಬೆರಳ ನಡುವೆ ಒತ್ತಿದರೆ ಬೆಣ್ಣೆಯಂತೆ ಹಿಸುಕಬೇಕು. ಕಾಳು ಬೇಯುವ ಮುಂಚೆ ಸಕ್ಕರೆ ಹಾಕಬೇಡಿ, ಆಮೇಲೆ ಎಷ್ಟು ಹೊತ್ತು ಬೇಯಿಸಿದರೂ ಗಟ್ಟಿಯಾಗೇ ಉಳಿಯುತ್ತದೆ.

ಈಗ ನಾನು ಮಾಡಿದ ತಪ್ಪು ಕೇಳಿ. ಬೆಂದ ಕಾಳನ್ನು ನೀರಿನ ಸಮೇತ ಮಿಕ್ಸಿಗೆ ಹಾಕಿದ್ದೆ! ನೀರನ್ನು ಜರಡಿಯಲ್ಲಿ ಪೂರ್ತಿ ಬಸಿಯಬೇಕು (ಬಸಿದದ್ದಕ್ಕೆ ಹುಳಿ, ಖಾರ ಹಾಕಿದರೆ ಒಳ್ಳೆ ಕಟ್ಟಿನ ಸಾರು). ಕಾಳನ್ನು ಸೌಟಿನ ಹಿಂಬದಿಯಿಂದ ಮಸೆದರೂ ಸಾಕು, ಅಲ್ಲಲ್ಲಿ ಇಡೀ ಕಾಳು ಸಿಕ್ಕರೆ ಇನ್ನೂ ಚೆನ್ನ. ದಪ್ಪ ತಳದ ಬಾಣಲೆಗೆ ಹಾಕಿ, ಮುಕ್ಕಾಲು ಲೋಟ ಸಕ್ಕರೆ, ದೊಡ್ಡ ಚಿಟಿಕೆ ಉಪ್ಪು ಸೇರಿಸಿ ಸಣ್ಣ ಉರಿಯಲ್ಲಿ ಮಗುಚುತ್ತಿರಿ. ಸಕ್ಕರೆ ಬಿದ್ದ ಕೂಡಲೇ ಹೂರಣ ನೀರಾಗುತ್ತದೆ, ಗಾಬರಿ ಬೇಡ. ಸೌಟಿನಿಂದ ಬಾಣಲೆಯ ನಡುವೆ ಗೆರೆ ಎಳೆದರೆ ತಳ ಕಾಣಬೇಕು, ಆ ಗೆರೆ ಮುಚ್ಚಿಕೊಳ್ಳಬಾರದು. ತಣ್ಣಗಾದ ಮೇಲೆ ಉಂಡೆ ಕಟ್ಟಿದರೆ ಅಂಗೈಗೆ ಅಂಟಬಾರದು. ಹೋಳಿಗೆ ಮಾಡುವವರಿಗೆ ಇದನ್ನೆಲ್ಲ ಹೇಳಬೇಕೆ? ನನಗೆ ಹೇಳಬೇಕಾಯಿತು.

ಬೆಲ್ಲವನ್ನೂ ಹಾಕಬಹುದು, ಹತ್ತು ನಿಮಿಷ ಹೆಚ್ಚು ಮಗುಚಬೇಕು ಅಷ್ಟೆ. ಏಲಕ್ಕಿ? ಕೊರಿಯಾದಲ್ಲಿ ಹಾಕುವುದಿಲ್ಲ. ಅತ್ತೆ ಹಾಕಿಯೇ ತೀರಿದರು. ನಾನು ಚಕಾರವೆತ್ತಲಿಲ್ಲ.

ನೀರಿರುವ ಹೂರಣ ಯಾಕೆ ಒಡೆಯುತ್ತದೆಂದರೆ, ಸುತ್ತಲಿನ ಹಿಟ್ಟು ಗಟ್ಟಿಯಾಗುವ ಮೊದಲೇ ಒಳಗಿನ ನೀರು ಹಬೆಯಾಗಿ ದಾರಿ ಹುಡುಕುತ್ತದೆ. ನನ್ನ ಕೇಕುಗಳ ಹೊಟ್ಟೆ ಬಿರಿದದ್ದು ಇದರಿಂದಲೇ.

ಕಾವಲಿಗೆ ಹೊಯ್ಯುವುದು

ಮೊದಲು ಮೊಟ್ಟೆ ಹಾಕುವ ವಿಧಾನ. ಒಂದು ಲೋಟ ಮೈದಾ (ಸುಮಾರು 120 ಗ್ರಾಂ), ಒಂದು ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ಇವನ್ನು ಒಟ್ಟಿಗೆ ಜರಡಿ ಹಿಡಿಯಿರಿ. ಒಂದು ಮೊಟ್ಟೆ, ಕಾಲು ಲೋಟ ಪುಡಿ ಸಕ್ಕರೆ, ಅರ್ಧ ಲೋಟ ಹಾಲು, ಎರಡು ದೊಡ್ಡ ಚಮಚ ಕರಗಿಸಿದ ಬೆಣ್ಣೆ, ನಾಲ್ಕು ಹನಿ ವೆನಿಲಾ ಚೆನ್ನಾಗಿ ಕಲಸಿ ಮೈದಾಗೆ ಸೇರಿಸಿ. ಇಡ್ಲಿ ಹಿಟ್ಟಿನ ಹದ ಇರಲಿ. ಗಂಟು ಹೋದರೆ ಸಾಕು, ಹೆಚ್ಚು ತಿರುವಿದರೆ ಕೇಕು ರಬ್ಬರಿನಂತಾಗುತ್ತದೆ. ಹದಿನೈದು ನಿಮಿಷ ಬಿಡಿ. ಅಷ್ಟರಲ್ಲಿ ಹೂರಣವನ್ನು ಗೋಲಿ ಗಾತ್ರದ ಉಂಡೆ ಕಟ್ಟಿ. ಫ್ರಿಜ್ಜಿನಲ್ಲಿದ್ದ ಹೂರಣವಾದರೆ ಮೊದಲೇ ಹೊರಗಿಟ್ಟಿರಿ, ತಣ್ಣಗಿನ ಉಂಡೆ ಸುತ್ತ ಹಿಟ್ಟು ಬೇಯುವುದಿಲ್ಲ. ಅಕ್ರೋಟನ್ನು ಒಣ ಬಾಣಲೆಯಲ್ಲಿ ಘಮ್ಮೆನ್ನುವವರೆಗೆ ಹುರಿದು ಚೂರು ಮಾಡಿ.

ಕಾವಲಿಯನ್ನು ಚೆನ್ನಾಗಿ ಕಾಯಿಸಿ, ಗುಳಿಗಳಿಗೆ ಬೆಣ್ಣೆ ಸವರಿ, ಉರಿಯನ್ನು ಪೂರ್ತಿ ಸಣ್ಣದು ಮಾಡಿ. ಪಡ್ಡಿಗಿಂತಲೂ ಸಣ್ಣ ಉರಿ, ಏಕೆಂದರೆ ಈ ಹಿಟ್ಟಿನಲ್ಲಿ ಸಕ್ಕರೆಯಿದೆ, ಬೇಗ ಕೆಂಪಾಗುತ್ತದೆ. ಗುಳಿಯ ಅರ್ಧಕ್ಕೆ ಹಿಟ್ಟು ಹಾಕಿ, ಅಂಚು ಸ್ವಲ್ಪ ಗಟ್ಟಿಯಾಗಲು ಬಿಟ್ಟು, ಉಂಡೆ ಮತ್ತು ಅಕ್ರೋಟು ಚೂರನ್ನು ಮೆಲ್ಲಗೆ ಇಡಿ. ಅದುಮಬೇಡಿ. ಮೇಲೆ ಒಂದು ಚಮಚ ಹಿಟ್ಟು ಮುಚ್ಚಿ, ಮುಚ್ಚಳ ಹಾಕಿ. ಎರಡು ಮೂರು ನಿಮಿಷದ ಮೇಲೆ ಕಡ್ಡಿಯಿಂದ ಎಬ್ಬಿಸಿ ಮಗುಚಿ, ಮತ್ತೆ ಎರಡು ನಿಮಿಷ. ಇಪ್ಪತ್ತರಷ್ಟು ಆಗುತ್ತವೆ, ಹೂರಣ ಅರ್ಧ ಉಳಿಯುತ್ತದೆ. ಅದನ್ನು ಫ್ರೀಜರಿನಲ್ಲಿಡಿ.

ಮಕ್ಕಳಿರುವ ಮನೆಯಲ್ಲಿ ಒಂದು ಮಾತು. ಮೇಲ್ಭಾಗ ಆರಿದರೂ ಒಳಗಿನ ಹೂರಣ ಕೆಂಡದಂತಿರುತ್ತದೆ, ಎರಡು ಹೋಳು ಮಾಡಿ ಕೊಡಿ. ಪುಟ್ಟ ಮಕ್ಕಳಿಗೆ ಅಕ್ರೋಟು ಚೂರು ಗಂಟಲಲ್ಲಿ ಸಿಕ್ಕಬಹುದು, ಹಾಕದಿದ್ದರೂ ನಷ್ಟವಿಲ್ಲ.

ಅತ್ತೆಯ ತಟ್ಟೆ

ಮೊದಲ ಒಬ್ಬೆ ಇಳಿಯಿತು. ಬಿರಿದಿರಲಿಲ್ಲ, ಹಸಿಯೂ ಇರಲಿಲ್ಲ. ಮಗಳು ಫೋಟೋ ತೆಗೆದದ್ದೇ ತೆಗೆದದ್ದು. ಇವರು ಆಫೀಸಿನಿಂದ ಬಂದವರೇ ನಾಲ್ಕು ಮುಗಿಸಿದರು. ಅತ್ತೆಯ ಕೈಯೂ ತಟ್ಟೆಯತ್ತ ಬಂತು. ಅರ್ಧಕ್ಕೆ ಬಂದು ನಿಂತಿತು.

"ಹಿಟ್ಟಿಗೆ ಮೊಟ್ಟೆ ಹಾಕಿದ್ದೀಯಲ್ಲ?"

ನನಗೆ ನೆನಪೇ ಇರಲಿಲ್ಲ! ಬೆಳಿಗ್ಗೆಯಿಂದ ಕೂತು ಹೂರಣ ಮಗುಚಿದವರು ಅವರು. ಉಂಡೆ ಕಟ್ಟಿದವರು ಅವರು. "ಪರವಾಗಿಲ್ಲ ಬಿಡೇ, ಹೂರಣದ ರುಚಿ ನೋಡಿದ್ದೀನಲ್ಲ" ಎಂದು ನಕ್ಕು ಎದ್ದುಹೋದರು. ಮಗಳು ಮೊಬೈಲ್ ಕೆಳಗಿಟ್ಟು ನನ್ನ ಮುಖ ನೋಡಿದಳು. ಆಮೇಲೆ ನನಗೆ ಒಂದೂ ಗಂಟಲಲ್ಲಿ ಇಳಿಯಲಿಲ್ಲ.

ಮಾರನೇ ದಿನ ಮೊಟ್ಟೆಯಿಲ್ಲದ ಹಿಟ್ಟು ಮಾಡಲು ಕೂತೆ. ಲೆಕ್ಕ ಕಷ್ಟದ್ದಲ್ಲ. ಒಂದು ಮೊಟ್ಟೆಯ ಬದಲಿಗೆ ಹುಳಿಯಿಲ್ಲದ ಗಟ್ಟಿ ಮೊಸರು ಕಾಲು ಲೋಟ, ಅಡುಗೆ ಸೋಡಾ ಕಾಲು ಟೀ ಚಮಚ. ಬೇಕಿಂಗ್ ಪೌಡರನ್ನು ಅರ್ಧ ಚಮಚಕ್ಕೆ ಇಳಿಸಿ. ಉಳಿದದ್ದೆಲ್ಲ ಹಾಗೇ. ಸೋಡಾವನ್ನು ಮಾತ್ರ ಕಟ್ಟಕಡೆಗೆ, ಕಾವಲಿ ಕಾದ ಮೇಲೆ, ಜರಡಿ ಹಿಡಿದು ಸೇರಿಸಿ. ಮೊಸರು ತಾಗಿದ ಕ್ಷಣದಿಂದಲೇ ಅದು ನೊರೆಯುಕ್ಕಿಸಲು ಶುರುಮಾಡುತ್ತದೆ, ಇಟ್ಟರೆ ಉಬ್ಬುವ ಶಕ್ತಿ ಹೋಗಿಬಿಡುತ್ತದೆ. ಮೊಟ್ಟೆಯದ್ದಕ್ಕಿಂತ ಇದು ತುಸು ಮೃದು, ಮಗುಚುವಾಗ ಅರ್ಧ ನಿಮಿಷ ಹೆಚ್ಚು ತಾಳ್ಮೆ ಬೇಕು. ರುಚಿಯಲ್ಲಿ, ನಿಜ ಹೇಳಬೇಕೆಂದರೆ, ಮೊಟ್ಟೆಯದ್ದೇ ಒಂದು ಕೈ ಮೇಲು. ಬಿಸಿಯಿದ್ದಾಗ ವ್ಯತ್ಯಾಸ ಅಷ್ಟು ಗೊತ್ತಾಗುವುದಿಲ್ಲ, ಆರಿದ ಮೇಲೆ ಗೊತ್ತಾಗುತ್ತದೆ.

ಹಿಟ್ಟೇನೋ ಆಯಿತು, ಕಾವಲಿ? ನಾನ್‌ಸ್ಟಿಕ್ ಕಾವಲಿಗೆ ನಿನ್ನೆ ಮೊಟ್ಟೆ ತಾಗಿದೆ. ಅತ್ತೆ ಬಾಯಿಬಿಟ್ಟು ಹೇಳುವುದಿಲ್ಲ, ತಿನ್ನುವುದೂ ಇಲ್ಲ. ಮಗಳೇ ಸ್ಟೂಲ್ ಹತ್ತಿ ಅಟ್ಟದ ಮೇಲಿಂದ ಅಜ್ಜಿಯ ಹಳೆಯ ಎರಕದ ಕಬ್ಬಿಣದ ಕಾವಲಿ ಇಳಿಸಿದಳು. ತುಕ್ಕು ತಿಕ್ಕಿ, ತೊಳೆದು ಒಣಗಿಸಿ, ಎಣ್ಣೆ ಸವರಿ ಹೊಗೆಯಾಡುವವರೆಗೆ ಕಾಯಿಸಿ, ಆರಿಸಿ, ಮತ್ತೆ ಎಣ್ಣೆ. ಹೀಗೆ ಮೂರು ಸಲ ಪಳಗಿಸಿದ ಮೇಲೆ ಅದು ನಾನ್‌ಸ್ಟಿಕ್‌ಗೂ ಸೆಡ್ಡು ಹೊಡೆಯಿತು. ಕೇಕಿನ ಹೊರಮೈ ಗರಿಗರಿಯಾಗುವುದು ಇದರಲ್ಲೇ. ನಿಮ್ಮ ಅಟ್ಟದಲ್ಲೂ ಒಂದಿರಬಹುದು, ನೋಡಿ.

ಅತ್ತೆ ಮೂರು ತಿಂದರು. ಸಕ್ಕರೆ ಕಾಯಿಲೆ ಅವರಿಗಿಲ್ಲ. ಇರುವವರ ಮನೆಯಲ್ಲಿ 'ಕಾಳಿನದ್ದಲ್ವಾ, ಏನಾಗಲ್ಲ' ಅಂತ ಧಾರಾಳ ಮಾಡಬೇಡಿ. ಮೈದಾ, ಸಕ್ಕರೆ ಎರಡೂ ಇವೆ, ಬೆಲ್ಲ ಹಾಕಿದರೂ ಅಷ್ಟೇ.

ಓವನ್ ಇದ್ದವರಿಗೆ

ಗ್ಯೊಂಗ್ಜು ಎಂಬುದು ಕೊರಿಯಾದ ಹಳೆಯ ಸಿಲ್ಲಾ ರಾಜರ ರಾಜಧಾನಿ. ಊರ ನಡುವೆಯೇ ಹುಲ್ಲು ಹೊದ್ದ ಗುಡ್ಡಗಳಂಥ ರಾಜರ ಗೋರಿಗಳಿವೆ. ಅಲ್ಲಿನ ಹ್ವಾಂಗ್ನಮ್ ಎಂಬ ಕೇರಿಯಲ್ಲಿ 1939ರಿಂದ ಮಾಡುತ್ತಿರುವ ಹೂರಣದ ಕೇಕಿಗೆ ಹ್ವಾಂಗ್ನಮ್‌ಪಾಂಗ್ ಎಂದೇ ಹೆಸರು. ಇದು ಹೊಯ್ಯುವ ಹಿಟ್ಟಲ್ಲ, ನಮ್ಮ ಹೋಳಿಗೆಯ ಕಣಕದಂತೆ ತುಂಬುವಂಥದ್ದು. ತೆಳ್ಳಗಿನ ಹೊದಿಕೆ, ಅದಕ್ಕಿಂತ ಹೆಚ್ಚು ಹೂರಣ.

ಒಂದೂವರೆ ಲೋಟ ಮೈದಾಗೆ ಅರ್ಧ ಚಮಚ ಬೇಕಿಂಗ್ ಪೌಡರ್, ಐದು ದೊಡ್ಡ ಚಮಚ ಕಂಡೆನ್ಸ್ಡ್ ಮಿಲ್ಕ್, ಒಂದೂವರೆ ಚಮಚ ಬೆಣ್ಣೆ, ಒಂದು ಮೊಟ್ಟೆ (ಬೇಡದವರು ಮೂರು ದೊಡ್ಡ ಚಮಚ ಹಾಲು) ಹಾಕಿ ಮೆತ್ತಗೆ ಕಲಸಿ, ಒಂದು ಗಂಟೆ ಫ್ರಿಜ್ಜಿನಲ್ಲಿಡಿ. ಅಂಟಿದರೆ ಕೈಗೆ ಮೈದಾ ಹಚ್ಚಿಕೊಳ್ಳಿ. ನಿಂಬೆಗಿಂತ ಚಿಕ್ಕ ಉಂಡೆ ಹಿಟ್ಟಿಗೆ ನಿಂಬೆ ಗಾತ್ರದ ಹೂರಣ ತುಂಬಿ, ಬಾಯಿ ಮುಚ್ಚಿ, ತಟ್ಟಿ, ನಡುವೆ ಹೆಬ್ಬೆರಳಿನಿಂದ ಒಂದು ಗುಳಿ ಮಾಡಿ. ಅಲ್ಲಿನವರು ಮೇಲೆ ಬಾಚಣಿಗೆಯ ಹಲ್ಲಿನಂಥ ಗೆರೆಗಳ ಮುದ್ರೆ ಒತ್ತುತ್ತಾರೆ, ನಾವು ಫೋರ್ಕಿನಲ್ಲಿ ಗೆರೆ ಎಳೆದರಾಯಿತು. ಮೊಟ್ಟೆಯ ಹಳದಿಯನ್ನೋ ಹಾಲನ್ನೋ ಸವರಿ, ಮೊದಲೇ ಕಾಯಿಸಿದ ಓವನ್ನಿನಲ್ಲಿ 180 ಡಿಗ್ರಿಯಲ್ಲಿ 15ರಿಂದ 18 ನಿಮಿಷ. ಮೇಲೆ ಹೇಳಿದ ಒಂದು ಲೋಟ ಕಾಳಿನ ಹೂರಣ ಇಷ್ಟಕ್ಕೆ ಸರಿಹೋಗುತ್ತದೆ, ಹದಿನಾರರಷ್ಟು ಆಗುತ್ತವೆ. ಇವು ಬಿಸಿಗಿಂತ ಮಾರನೇ ದಿನಕ್ಕೆ ರುಚಿ, ಹೊದಿಕೆ ಮೆತ್ತಗಾಗಿರುತ್ತದೆ. ಪಡ್ಡು ಕಾವಲಿಯ ಕೇಕು ಮಾತ್ರ ಆಗಿಂದಾಗಲೇ ತಿನ್ನಬೇಕು.

ಉಳಿದ ಹೂರಣವನ್ನು ನಮ್ಮ ಸೆಕೆಯಲ್ಲಿ ಹೊರಗಿಡಬೇಡಿ. ಫ್ರಿಜ್ಜಿನಲ್ಲಿ ಮೂರ್ನಾಲ್ಕು ದಿನ, ಉಂಡೆ ಮಾಡಿ ಫ್ರೀಜರಿನಲ್ಲಿಟ್ಟರೆ ಒಂದು ತಿಂಗಳು.

ಅಂದಹಾಗೆ, ಮೀನು? ಹಳೆಯ ಕಾಲದ, ಒಲೆ ಮೇಲಿಟ್ಟು ಮಗುಚುವ ಸ್ಯಾಂಡ್‌ವಿಚ್ ಟೋಸ್ಟರ್ ಇದ್ದರೆ ಅದರಲ್ಲಿ ಇದೇ ಹಿಟ್ಟು, ಹೂರಣ ಹಾಕಿ ಮುಚ್ಚಿ ಎರಡೂ ಕಡೆ ಕಾಯಿಸಿ. ಮೈದಾದಲ್ಲಿ ಎರಡು ಚಮಚ ಕಡಿಮೆ ಮಾಡಿ ಅಕ್ಕಿಹಿಟ್ಟು ಸೇರಿಸಿದರೆ ಗರಿಗರಿ. ಆಕಾರ ತ್ರಿಕೋನ, ರುಚಿ ಬುಂಗೊಪ್ಪಾಂಗ್‌ನದ್ದೇ. ಮಗಳಿಗೆ ಸಮಾಧಾನವಿಲ್ಲ. "ತಲೆ ಎಲ್ಲಿ, ಬಾಲ ಎಲ್ಲಿ?" ಅನ್ನುತ್ತಾಳೆ. ಮೀನಿನ ಅಚ್ಚು ಆನ್‌ಲೈನಿನಲ್ಲಿ ಸಿಗುತ್ತದಂತೆ. ಮೊದಲು ಈ ಕಾವಲಿ ಸವೆಯಲಿ, ಆಮೇಲೆ ನೋಡೋಣ ಅಂದಿದ್ದೇನೆ.

ಅಜ್ಜಿ ಪೆನ್ಷನ್ ದುಡ್ಡಲ್ಲಿ ಆಗಲೇ ಆರ್ಡರ್ ಮಾಡಿಸಿದ್ದಾರೆಂದು ನಿನ್ನೆ ಗೊತ್ತಾಯಿತು. ಒಂದಲ್ಲ, ಎರಡು ಅಚ್ಚು. ಒಂದು ಮೊಟ್ಟೆಯದ್ದಕ್ಕೆ, ಇನ್ನೊಂದು ತಮಗೆ.